ನೆಪ್ಪು ಎಲ್ಲಿರುತ್ತದೆ? ಮಿದುಳಿನಲ್ಲಿ ನೆನಪು ಕೂಡುವ ಬಗೆ, ಮರಳಿ ಬರುವ ಬಗೆ

ರೋಗಿಗಳ ಹಾಗೂ ಅವರ ಜೊತೆಗಿರುವ ಬಂಧುಗಳ ಗಮನಕ್ಕೆ

"ಸಿಸ್ಟ್ರೇ, ನಮ್ಮವ್ವಂಗೆ ಬೆಳಿಗ್ಗೆ ಇಡ್ಲಿ ತಿಂದಿದ್ದು ನೆಪ್ಪಿಲ್ಲ. ಆದ್ರೆ ಅವಳ ಮದುವೇಲಿ ಯಾರ್ಯಾರು ಎಷ್ಟೆಷ್ಟು ಮುಯ್ಯಿ ಮಾಡಿದ್ರು ಅಂತ ಈಗ್ಲೂ ಲೆಕ್ಕ ಒಪ್ಪಿಸ್ತಾಳೆ. ಇದೆಂಥಾ ಮರೆವು?"

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಬರುವ ಬಂಧುಗಳು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಕೆಲವರು ಕೇಳುವುದೂ ಇಲ್ಲ, ತಾವೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ: "ಬೇಕಾದ್ದು ನೆಪ್ಪಿರ್ತದೆ, ಬ್ಯಾಡದ್ದು ಮರ್ತೋಯ್ತದೆ. ಎಲ್ಲಾ ನಾಟಕ." ಈ ಮಾತು ಮಂಚದ ಮೇಲೆ ಮಲಗಿರುವವರ ಕಿವಿಗೂ ಬೀಳುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಅದು ನಾಟಕವಲ್ಲ. ಐವತ್ತು ವರ್ಷದ ಹಿಂದಿನದು ಉಳಿದು, ಇವತ್ತಿನದು ಹೋಗುವುದಕ್ಕೆ ಮಿದುಳಿನ ರಚನೆಯಲ್ಲೇ ಕಾರಣವಿದೆ. ಆ ಕಾರಣ ತಿಳಿದರೆ ಮನೆಯಲ್ಲಿ ನಡೆಯುವ ಎಷ್ಟೋ ಜಗಳ ತಪ್ಪುತ್ತದೆ. ಕೆಲವು ಸಲ ಪ್ರಾಣವೂ ಉಳಿಯುತ್ತದೆ. ಆದ್ದರಿಂದ ಸ್ವಲ್ಪ ಸಾವಧಾನವಾಗಿ ಓದಿ. ಓದಲು ಬಾರದವರಿಗೆ ಓದಿ ಹೇಳಿ.

ನೆನಪು ಒಂದೇ ಕಡೆ ಇರುವುದಿಲ್ಲ

ನಮ್ಮ ಮಿದುಳಿನ ತೂಕ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡರಷ್ಟು, ಆದರೆ ನಾವು ಉಸಿರಾಡಿ ಪಡೆಯುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗ ಅದಕ್ಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯವೊಂದಿದೆ; ಅಲ್ಲಿ ನಿಜವಾದ ಮನುಷ್ಯರ ಮಿದುಳುಗಳನ್ನು ಸಾರ್ವಜನಿಕರೂ ನೋಡಬಹುದು. ನೋಡಿದವರಿಗೆ ಮೊದಲು ಆಗುವುದು ನಿರಾಸೆಯೇ. ಅಷ್ಟೆಲ್ಲಾ ನೆನಪು ಇಟ್ಟುಕೊಳ್ಳುವ ವಸ್ತು ಇಷ್ಟೇನಾ ಎನಿಸುತ್ತದೆ.

ನೆನಪಿನ ಶಕ್ತಿ ಎಂದರೆ ತಲೆಯೊಳಗೆ ಒಂದು ಪೆಟ್ಟಿಗೆ, ಅದರಲ್ಲಿ ಎಲ್ಲವೂ ತುಂಬಿರುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಾಗಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀವು ಮೊಮ್ಮಗಳ ಕೈ ಹಿಡಿದುಕೊಂಡು ಮೇಲುಕೋಟೆಯ ವೈರಮುಡಿಗೆ ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ರಾತ್ರಿ ಹೊತ್ತು, ದೀಪದ ಬೆಳಕು, ಗರುಡನ ಮೇಲೆ ಉತ್ಸವಮೂರ್ತಿ. ಕಣ್ಣು ಕಂಡದ್ದು ಹೋಗುವುದು ತಲೆಯ ಹಿಂಭಾಗಕ್ಕೆ, ಹಿಂದಲೆಯ ಕಡೆಗೆ. ವಾದ್ಯದ ಸದ್ದು, ಜನರ ಕೂಗು ಹೋಗುವುದು ಕಿವಿಯ ಮೇಲುಗಡೆ ಇರುವ ಭಾಗಕ್ಕೆ. ಜನ ನೂಕಿದ್ದು, ಕೈಯಲ್ಲಿ ಮಗುವಿನ ಕೈ ಬಿಗಿಯಾಗಿ ಇದ್ದದ್ದು, ನೀವು ಎತ್ತ ಮುಖ ಮಾಡಿ ನಿಂತಿದ್ದಿರಿ ಎಂಬುದು ನಡುನೆತ್ತಿಯ ಭಾಗಕ್ಕೆ. "ಮಗು ಎಲ್ಲಿ ಕೈತಪ್ಪುತ್ತದೋ" ಎಂಬ ಅಂಜಿಕೆ ಒಳಗಿರುವ ಬಾದಾಮಿಯಂಥ ಇನ್ನೊಂದು ಭಾಗಕ್ಕೆ. ಆಮೇಲೆ ತಿಂದ ಪುಳಿಯೋಗರೆಯ ರುಚಿ, ವಾಸನೆಗೆ ಬೇರೆ ಜಾಗ.

ಹೀಗೆ ಒಂದು ರಾತ್ರಿಯ ನೆನಪು ಹತ್ತು ಕಡೆ ಚೂರು ಚೂರಾಗಿ ಬಿದ್ದಿರುತ್ತದೆ. ಇವೆಲ್ಲ ಒಂದೇ ರಾತ್ರಿಗೆ ಸೇರಿದ ಚೂರುಗಳು ಎಂದು ಯಾರಾದರೂ ಗಂಟು ಹಾಕಿ ಇಡಬೇಕಲ್ಲ? ಆ ಕೆಲಸ ಮಾಡುವುದು ಹಿಪ್ಪೋಕ್ಯಾಂಪಸ್.

ಶಾನುಭೋಗರ ಪುಸ್ತಕ

ಹಿಪ್ಪೋಕ್ಯಾಂಪಸ್ ಎಂದರೆ ಕಡಲಕುದುರೆ. ಬಾಗಿದ ಆಕಾರದಿಂದ ಆ ಹೆಸರು ಬಂದಿದೆ. ಎರಡೂ ಕಿವಿಗಳ ನೇರಕ್ಕೆ, ಮಿದುಳಿನ ಒಳಮಗ್ಗುಲಲ್ಲಿ, ಬಲಕ್ಕೊಂದು ಎಡಕ್ಕೊಂದು ಇರುತ್ತದೆ. ಗಾತ್ರ ಹೆಚ್ಚುಕಡಿಮೆ ನಿಮ್ಮ ಕಿರುಬೆರಳಿನಷ್ಟು.

ಇದರ ಕೆಲಸವನ್ನು ತಿಳಿಯಲು ಹಳೆಯ ಕಾಲದ ಶಾನುಭೋಗರನ್ನು ನೆನೆದುಕೊಳ್ಳಿ. ಜಮೀನು ಅವರ ಪುಸ್ತಕದಲ್ಲಿ ಇರುತ್ತಿರಲಿಲ್ಲ, ಜಮೀನು ಹೊಲದಲ್ಲೇ ಇರುತ್ತಿತ್ತು. ಆದರೆ ಯಾವ ಸರ್ವೆ ನಂಬರು ಯಾರದು, ಕೆರೆ ಹಿಂದಿನ ಗದ್ದೆಗೂ ಗುಡ್ಡದ ಪಕ್ಕದ ಹೊಲಕ್ಕೂ ಒಬ್ಬನೇ ಒಡೆಯ ಎಂಬುದು ಪುಸ್ತಕದಿಂದ ಗೊತ್ತಾಗುತ್ತಿತ್ತು. ಹಿಪ್ಪೋಕ್ಯಾಂಪಸ್ ಅಂಥ ಪುಸ್ತಕ. ವೈರಮುಡಿಯ ಬೆಳಕು, ಸದ್ದು, ಅಂಜಿಕೆ, ರುಚಿ ತಂತಮ್ಮ ಜಾಗದಲ್ಲೇ ಇರುತ್ತವೆ. ಯಾವುದಕ್ಕೆ ಯಾವುದು ಸೇರಿದ್ದು ಎಂಬ ಬರಹ ಮಾತ್ರ ಇಲ್ಲಿರುತ್ತದೆ. ಎಷ್ಟೋ ತಿಂಗಳ ಮೇಲೆ ಎಲ್ಲೋ ಪುಳಿಯೋಗರೆಯ ಗೊಜ್ಜಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಪುಸ್ತಕ ತೆರೆಯುತ್ತದೆ, ಉಳಿದ ಚೂರುಗಳೆಲ್ಲ ಒಟ್ಟಿಗೆ ಎದ್ದು ಬರುತ್ತವೆ. ಒಂದು ಎಳೆ ಸಿಕ್ಕಿದರೆ ಇಡೀ ನೆನಪು ಬರುವುದು ಹೀಗೆ.

(ವಾಸನೆಗೆ ಈ ವಿಷಯದಲ್ಲಿ ವಿಶೇಷ ಸಲುಗೆ ಇದೆ. ಕಣ್ಣು, ಕಿವಿ, ಚರ್ಮದ ಸುದ್ದಿಗಳು ಥಲಾಮಸ್ ಎಂಬ ನಡುಮನೆಯನ್ನು ದಾಟಿ ಒಳಗೆ ಹೋಗಬೇಕು. ವಾಸನೆ ಮಾತ್ರ ಆ ನಡುಮನೆಯಲ್ಲಿ ನಿಲ್ಲದೆ ಭಾವನೆಯ ಹಾಗೂ ನೆನಪಿನ ಭಾಗಗಳ ಹತ್ತಿರಕ್ಕೆ ನೇರ ಹೋಗುತ್ತದೆ. ಆಲೆಮನೆಯ ಮುಂದೆ ಹಾದುಹೋಗುವಾಗ ಕುದಿಯುವ ಕಬ್ಬಿನ ಹಾಲಿನ ವಾಸನೆಗೆ ಬಾಲ್ಯವೇ ಎದುರಿಗೆ ಬಂದಂತಾಗುವುದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾದ ಮಾತಲ್ಲ.)

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಾತ ಮುತ್ತಾತನ ಕಾಲದಿಂದ ಉಳುತ್ತಾ ಬಂದ ಜಮೀನಿಗೆ ಶಾನುಭೋಗರ ಪುಸ್ತಕ ಯಾರಿಗೂ ಬೇಕಿರಲಿಲ್ಲ. ಅದರ ಎಲ್ಲೆ ಇಡೀ ಊರಿಗೇ ಗೊತ್ತು. ಹೋದ ವಾರ ಕೈ ಬದಲಾದ ಜಮೀನು ಯಾರದೆಂದು ತಿಳಿಯಲು ಮಾತ್ರ ಪುಸ್ತಕ ಬೇಕು. ನೆನಪೂ ಹಾಗೆಯೇ. ಹೊಸ ನೆನಪು ಹಿಪ್ಪೋಕ್ಯಾಂಪಸ್ಸನ್ನೇ ನಂಬಿಕೊಂಡಿರುತ್ತದೆ. ಅದನ್ನೇ ಮತ್ತೆ ಮತ್ತೆ ನೆನೆದು, ಹೇಳಿ, ಅದರ ಮೇಲೆ ಎಷ್ಟೋ ರಾತ್ರಿ ನಿದ್ದೆ ಮಾಡಿ ವರ್ಷಗಳು ಕಳೆದಾಗ ಆ ಚೂರುಗಳ ನಡುವೆಯೇ ನೇರ ದಾರಿ ಬೀಳುತ್ತದೆ. ಆಗ ಪುಸ್ತಕದ ಅವಲಂಬನೆ ಬಹಳ ಕಡಿಮೆಯಾಗುತ್ತದೆ.

ಅಲ್ಜೈಮರ್ ಎಂಬ ಮರೆವಿನ ಕಾಯಿಲೆ ಸಾಮಾನ್ಯವಾಗಿ ಮೊದಲು ಕೆಡಿಸುವುದು ಹಿಪ್ಪೋಕ್ಯಾಂಪಸ್ಸನ್ನು ಹಾಗೂ ಅದರ ಬಾಗಿಲಲ್ಲಿರುವ ಭಾಗವನ್ನು. ಪುಸ್ತಕ ಹರಿದರೆ ಹೊಸ ಜಮೀನಿನ ಲೆಕ್ಕ ಹೋಯಿತು, ಹಳೆಯದು ಊರಿನವರ ಬಾಯಲ್ಲಿ ಉಳಿಯಿತು. ನಿಮ್ಮ ತಾಯಿಗೆ ಬೆಳಗಿನ ಇಡ್ಲಿ ಹೋಗಿ ಮದುವೆಯ ಮುಯ್ಯಿ ಉಳಿದಿರುವುದು ಇದೇ ಕಾರಣಕ್ಕೆ. ಇಡ್ಲಿಯನ್ನು ಅವರು ಮರೆತರು ಎನ್ನುವುದಕ್ಕಿಂತ, ಇಡ್ಲಿ ತಿಂದದ್ದು ಬರಹಕ್ಕೆ ಬರಲೇ ಇಲ್ಲ ಎನ್ನುವುದು ಸರಿ. ಬರೆಯದ್ದನ್ನು "ಓದು, ಓದು" ಎಂದು ಒತ್ತಾಯಿಸಿದರೆ ಏನು ಪ್ರಯೋಜನ?

ಇದು ಗೊತ್ತಾದದ್ದು ಹೇಗೆ?

1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಆತನಿಗೆ ಯಾವ ಔಷಧಿಗೂ ಬಗ್ಗದ ಮೂರ್ಛೆರೋಗ. ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಎರಡೂ ಕಡೆಯ ಹಿಪ್ಪೋಕ್ಯಾಂಪಸ್ಸಿನ ಬಹುಭಾಗವನ್ನೂ ಅಕ್ಕಪಕ್ಕದ ಭಾಗಗಳನ್ನೂ ತೆಗೆದರು. ಅದರಿಂದ ಏನಾದೀತೆಂದು ಆ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ. ಮೂರ್ಛೆ ಬಹಳ ಕಡಿಮೆಯಾಯಿತು. ಬುದ್ಧಿ ಮೊದಲಿನಂತೆಯೇ ಇತ್ತು, ಮಾತು ಚೆನ್ನಾಗಿತ್ತು, ಬಾಲ್ಯದ ಸಂಗತಿಗಳು ನೆನಪಿದ್ದವು. ಆದರೆ ಅಂದಿನಿಂದ ಹೊಸದಾಗಿ ನಡೆದದ್ದು ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ. ಮಾತಾಡಿ ಹೋದವರು ಸ್ವಲ್ಪ ಹೊತ್ತಿಗೆ ಮರಳಿ ಬಂದರೆ ಹೊಸಬರು. 2008ರಲ್ಲಿ ತೀರಿಕೊಳ್ಳುವವರೆಗೂ, ಐವತ್ತೈದು ವರ್ಷ ಹೀಗೇ ಬದುಕಿದರು.

ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಇವರನ್ನು ವರ್ಷಾನುಗಟ್ಟಲೆ ಪರೀಕ್ಷಿಸಿದರು. ಒಮ್ಮೆ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯಲು ಹೇಳಿದರು. ಇದು ಯಾರಿಗೂ ಸುಲಭವಲ್ಲ, ಬೇಕಾದರೆ ಪ್ರಯತ್ನಿಸಿ ನೋಡಿ. ಮೂರು ದಿನದ ಅಭ್ಯಾಸದಲ್ಲಿ ಹೆನ್ರಿಯವರ ಕೈ ಚೆನ್ನಾಗಿ ಪಳಗಿತು. ಆದರೆ ತಾನು ಈ ಕೆಲಸವನ್ನು ಹಿಂದೆ ಮಾಡಿದ್ದೇನೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ನೋಡಿ, ಮನಸ್ಸಿಗೆ ಗೊತ್ತಿಲ್ಲ, ಕೈಗೆ ಗೊತ್ತು!

ಕೈಗೆ ಕೂತ ವಿದ್ಯೆಯ ದಾರಿಯೇ ಬೇರೆ. ಅದಕ್ಕೆ ತಲೆಯ ಹಿಂದೆ ಕೆಳಗಡೆ ಇರುವ ಕಿರುಮಿದುಳು ಹಾಗೂ ಮಿದುಳಿನ ಆಳದಲ್ಲಿರುವ ಕೆಲವು ನರಗಂಟುಗಳು ಕೆಲಸ ಮಾಡುತ್ತವೆ. ಸೈಕಲ್ ತುಳಿಯುವುದು, ಕಾವೇರಿಯಲ್ಲಿ ಈಜುವುದು, ಹಾಲು ಕರೆಯುವುದು, ಮುದ್ದೆ ತಿರುವುವುದು, ಹೂ ಕಟ್ಟುವುದು ಎಲ್ಲ ಇಲ್ಲಿಯವು. ಅಡಿಗೆಯ ಪದಾರ್ಥದ ಹೆಸರು ಮರೆತ ಅಜ್ಜಿ ಹೂವನ್ನು ಕೈಗೆ ಕೊಟ್ಟರೆ ಮಾರುದ್ದ ಕಟ್ಟಿಬಿಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಾವ್ಯವನ್ನು ಪುಸ್ತಕವಿಲ್ಲದೆ ರಾತ್ರಿಯೆಲ್ಲಾ ಹಾಡುವುದನ್ನು ಕೇಳಿದ್ದೀರಿ. ಅಲ್ಲಿ ಕಥೆಯ ಅರ್ಥ ಒಂದು ಕಡೆಯಿಂದ, ಮಟ್ಟು ಇನ್ನೊಂದು ಕಡೆಯಿಂದ, ತಂಬೂರಿಯ ಮೇಲಿನ ಬೆರಳಿನ ಲಯ ಮತ್ತೊಂದು ಕಡೆಯಿಂದ ಬಂದು ಒಂದನ್ನೊಂದು ಕೈಹಿಡಿದು ನಡೆಸುತ್ತವೆ. ಸಾಲು ತಪ್ಪಿದರೆ ಮಟ್ಟು ಎತ್ತಿಕೊಡುತ್ತದೆ. ಲಕ್ವ ಹೊಡೆದು ಮಾತು ನಿಂತ ಕೆಲವು ರೋಗಿಗಳು ಬಾಲ್ಯದಲ್ಲಿ ಕಲಿತ ಹಾಡನ್ನೋ ವಚನವನ್ನೋ ರಾಗವಾಗಿ ಹೇಳಬಲ್ಲರು, ಅದೇ ಪದವನ್ನು ಬಿಡಿಯಾಗಿ ಹೇಳಲಾರರು. ಸೋಬಾನೆ ಪದ ಬರುವ ತಾಯಿಯ ಹತ್ತಿರ ಕೂತು ಮೊದಲ ಸಾಲು ಎತ್ತಿಕೊಡಿ. ನಾವು ಇದನ್ನು ಕಾಲಕ್ಷೇಪಕ್ಕೆಂದು ಹೇಳುತ್ತಿಲ್ಲ.

ಭಯ ಮತ್ತು ನೆನಪು

2018ರ ನವೆಂಬರ್ 24, ಶನಿವಾರ. ಆ ದಿನ ಮಧ್ಯಾಹ್ನದ ಹೊತ್ತಿಗೆ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು ಮಕ್ಕಳೂ ಸೇರಿ 30 ಮಂದಿ ತೀರಿಕೊಂಡರು. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಶ್ ಕಣ್ಣುಮುಚ್ಚಿದರು. ಆ ಸುದ್ದಿ ಬಂದಾಗ ನೀವು ಎಲ್ಲಿದ್ದಿರಿ ಎಂದು ಕೇಳಿದರೆ ಮಂಡ್ಯ ಜಿಲ್ಲೆಯಲ್ಲಿ ಬಹಳ ಜನ ತಡವರಿಸದೆ ಹೇಳುತ್ತಾರೆ. ಅದಕ್ಕೆ ಹಿಂದಿನ ಶನಿವಾರ ಎಲ್ಲಿದ್ದಿರಿ ಎಂದರೆ ಯಾರಿಗೂ ಗೊತ್ತಿಲ್ಲ.

ಇಲ್ಲಿ ಕೆಲಸ ಮಾಡಿರುವುದು ಮೇಲೆ ಹೇಳಿದ ಬಾದಾಮಿ ಆಕಾರದ ಭಾಗ, ಅಮಿಗ್ಡಲಾ. ಅದು ಹಿಪ್ಪೋಕ್ಯಾಂಪಸ್ಸಿನ ಮುಂದುಗಡೆ ಅಂಟಿಕೊಂಡಂತೆ ಇರುತ್ತದೆ. ಭಯ, ದುಃಖ, ಗಾಬರಿ ಆದಾಗ ಅಡ್ರಿನಲಿನ್ ಮುಂತಾದ ರಸಗಳು ರಕ್ತಕ್ಕೆ ಬರುತ್ತವೆ. ಅಮಿಗ್ಡಲಾ ಪಕ್ಕದವನಿಗೆ "ಇದನ್ನು ಗಟ್ಟಿಯಾಗಿ ಬರೆದುಕೋ" ಎಂದು ಹೇಳಿದಂತಾಗುತ್ತದೆ. ಹಾವು ಕಂಡ ಜಾಗವನ್ನು ಮರೆತವನು ಬದುಕುವುದು ಕಷ್ಟ, ಆದ್ದರಿಂದ ಈ ಏರ್ಪಾಡು.

ಆದರೆ ಭಯ ಒಂದು ದಿನದ್ದಾಗದೆ ದಿನವೂ ಇದ್ದರೆ? ಇದಕ್ಕೆ ಉತ್ತರ ಕೊಟ್ಟ ಒಂದು ಮುಖ್ಯ ಅಧ್ಯಯನ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು 2002ರಲ್ಲಿ ಅದನ್ನು ಪ್ರಕಟಿಸಿದರು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡಲು ಬಿಡದೆ ಇಟ್ಟು, ಆಮೇಲೆ ಅವುಗಳ ಮಿದುಳನ್ನು ನೋಡಿದರು. ಹಿಪ್ಪೋಕ್ಯಾಂಪಸ್ಸಿನಲ್ಲಿ ನರಕೋಶಗಳ ಕೊಂಬೆಗಳು ಕುಗ್ಗಿದ್ದವು. ಅಮಿಗ್ಡಲಾದಲ್ಲಿ ಕೊಂಬೆಗಳು ಬೆಳೆದಿದ್ದವು. ಮುಂದೆ 2004ರಲ್ಲಿ, ಆ ಬಳಿಕ 21 ದಿನ ಇಲಿಗಳನ್ನು ನೆಮ್ಮದಿಯಾಗಿ ಬಿಟ್ಟು ನೋಡಿದಾಗ ಹಿಪ್ಪೋಕ್ಯಾಂಪಸ್ ಚೇತರಿಸಿಕೊಂಡಿತ್ತು, ಅಮಿಗ್ಡಲಾದಲ್ಲಿ ಬೆಳೆದದ್ದು ಹಾಗೇ ಉಳಿದಿತ್ತು.

ಇಲಿಯ ಮಾತನ್ನು ಹಾಗೆಯೇ ಮನುಷ್ಯರಿಗೆ ಅನ್ವಯಿಸಬಾರದು, ನಿಜ. ಆದರೂ ಸಾಲದ ಚಿಂತೆ, ಮನೆಯ ಕಲಹ, ತಿಂಗಳುಗಟ್ಟಲೆ ರೋಗಿಯ ಆರೈಕೆ ಇವುಗಳಲ್ಲಿ ಸಿಕ್ಕಿದವರು "ಏನು ಇಟ್ಟರೂ ನೆಪ್ಪಿಲ್ಲ, ಆದರೆ ಎದೆ ಮಾತ್ರ ಹೊಡ್ಕೊಳ್ತಾನೇ ಇರ್ತದೆ" ಎಂದು ಹೇಳುವುದನ್ನು ಕೇಳಿದಾಗ ಈ ಅಧ್ಯಯನ ನೆನಪಾಗುತ್ತದೆ. ರೋಗಿಯ ಜೊತೆಗಿರುವ ನೀವು ನಿದ್ದೆಗೆಟ್ಟು ಮರೆಯತೊಡಗಿದರೆ ಅದು ಮರೆವಿನ ಕಾಯಿಲೆಯೇ ಆಗಬೇಕಿಲ್ಲ. ದಿನದಲ್ಲಿ ಆದದ್ದನ್ನು ಹಿಪ್ಪೋಕ್ಯಾಂಪಸ್ ಗಾಢ ನಿದ್ದೆಯಲ್ಲಿ ಮತ್ತೆ ಓಡಿಸಿ ಗಟ್ಟಿ ಮಾಡುತ್ತದೆ. ನಿದ್ದೆಯೇ ಇಲ್ಲದಿದ್ದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸರದಿಯ ಮೇಲೆ ಇರಿ. ಒಬ್ಬರೇ ಹೊರಬೇಡಿ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನೆನಪನ್ನು ಪ್ರತಿ ಸಲ ಹೊಸದಾಗಿ ಕಟ್ಟುತ್ತೇವೆ

ನೆನಪು ಫೋಟೋ ಅಲ್ಲ. ಹಣೆಯ ಹಿಂದಿರುವ ಮುಂಭಾಗದ ಮಿದುಳು "ಯಾವುದು, ಯಾವಾಗ, ಯಾರು" ಎಂದು ಹುಡುಕಿ, ಹಿಪ್ಪೋಕ್ಯಾಂಪಸ್ ಎತ್ತಿಕೊಟ್ಟ ಚೂರುಗಳನ್ನು ಜೋಡಿಸಿ, ಇದು ನಿಜವೇ ಅಲ್ಲವೇ ಎಂದು ತೂಗಿ ನೋಡುತ್ತದೆ. ನಡುವೆ ಖಾಲಿ ಇದ್ದರೆ ಊಹೆಯಿಂದ ತುಂಬುತ್ತದೆ. ಇದು ಆರೋಗ್ಯವಂತರಲ್ಲೂ ನಡೆಯುತ್ತದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಅಂತರಿಕ್ಷ ನೌಕೆ ಸ್ಫೋಟಗೊಂಡಾಗ ಅಲ್ಲಿನ ವಿದ್ಯಾರ್ಥಿಗಳಿಂದ ಮರುದಿನವೇ "ಸುದ್ದಿ ಕೇಳಿದಾಗ ಎಲ್ಲಿದ್ದೆ" ಎಂದು ಬರೆಸಿಟ್ಟುಕೊಂಡಿದ್ದರು. ಎರಡು-ಮೂರು ವರ್ಷದ ಮೇಲೆ ಅವರನ್ನೇ ಕೇಳಿದಾಗ ಅನೇಕರು ಬೇರೆಯೇ ಕಥೆ ಹೇಳಿದರು, ಅದೂ ಪೂರ್ಣ ಭರವಸೆಯಿಂದ. ಆದ್ದರಿಂದ 2018ರ ಆ ಶನಿವಾರದ ನಿಮ್ಮ ನೆನಪಿನ ಮೇಲೂ ಪ್ರಮಾಣ ಮಾಡಲು ಹೋಗಬೇಡಿ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮರೆವಿನ ಕಾಯಿಲೆ ಇರುವ ಮನೆಗಳಲ್ಲಿ ಅತಿ ಹೆಚ್ಚು ಕಣ್ಣೀರು ತರಿಸುವುದು ಬಳೆಯ ವಿಷಯ, ಇಲ್ಲವೇ ದುಡ್ಡಿನ ವಿಷಯ. ಅತ್ತೆ ಬಳೆಯನ್ನು ಯಾರಿಗೂ ಸಿಗದಂತೆ ಅಕ್ಕಿ ಡಬ್ಬದಲ್ಲಿ ಇಡುತ್ತಾರೆ. ಇಟ್ಟದ್ದು ಬರಹಕ್ಕೆ ಬರುವುದಿಲ್ಲ. ಮರುದಿನ ಬಳೆ ಇಲ್ಲ. ಬಳೆ ಇತ್ತು ಎಂಬುದು ಹಳೆಯ ನೆನಪು, ಗಟ್ಟಿಯಾಗಿದೆ. ನಡುವೆ ಖಾಲಿ. ಮಿದುಳು ಆ ಖಾಲಿಯನ್ನು ತುಂಬುತ್ತದೆ: "ಯಾರೋ ತೆಗೆದಿದ್ದಾರೆ." ಯಾರು? ದಿನವೂ ಹತ್ತಿರ ಇರುವವರು, ಅನ್ನ ಇಕ್ಕುವವರು, ಅಂದರೆ ಸೊಸೆ. ಅತ್ತೆ ಸುಳ್ಳು ಹೇಳುತ್ತಿಲ್ಲ. ತಾನು ಹೇಳುತ್ತಿರುವುದು ನಿಜವೆಂದೇ ಅವರಿಗೆ ಕಾಣುತ್ತದೆ. ಸೊಸೆಯೂ ಕದ್ದಿಲ್ಲ. ಊರಿನವರನ್ನು ಕರೆಸಿ ನ್ಯಾಯ ಮಾಡಿಸುವ ಮೊದಲು ಅಕ್ಕಿ ಡಬ್ಬ, ದಿಂಬಿನ ಗವಸು, ದೇವರ ಪೆಟ್ಟಿಗೆ ನೋಡಿ. ವಾದ ಮಾಡಬೇಡಿ, "ಬನ್ನಿ ಅತ್ತೆ, ಇಬ್ಬರೂ ಹುಡುಕೋಣ" ಎನ್ನಿ. ಗಂಡು ಮಕ್ಕಳಿಗೆ ಒಂದು ಮಾತು: ತಾಯಿಯ ಮಾತು ಕೇಳಿ ಹೆಂಡತಿಯ ಮೇಲೆ ಕೈ ಎತ್ತಿದ ಮೇಲೆ ಬಳೆ ಸಿಕ್ಕಿದರೆ ಅದರಿಂದ ಯಾರಿಗೂ ಸಮಾಧಾನವಿಲ್ಲ.

ತಲೆಗೆ ಪೆಟ್ಟು ಬಿದ್ದು ಬಂದವರ ವಿಷಯವೂ ಇದಕ್ಕೆ ಹತ್ತಿರದ್ದು. ಬೈಕಿನಿಂದ ಬಿದ್ದವರಿಗೆ ಅಪಘಾತದ ಕ್ಷಣ, ಅದಕ್ಕೆ ಹಿಂದಿನ ಕೆಲವು ನಿಮಿಷ ಅಥವಾ ಗಂಟೆಗಳು ನೆನಪಿಗೆ ಬಾರದೇ ಇರಬಹುದು. ಬರಹ ಒಣಗುವ ಮೊದಲೇ ಅಳಿಸಿಹೋಗಿರುತ್ತದೆ. "ನಿಜ ಹೇಳು, ಹೇಗಾಯ್ತು?" ಎಂದು ಒತ್ತಾಯಿಸುತ್ತಾ, "ಲಾರಿ ಹಿಂದಿನಿಂದ ಬಂತಲ್ವಾ?" ಎಂದು ನೀವೇ ಹೇಳಿಕೊಟ್ಟರೆ ಕೆಲವು ದಿನದಲ್ಲಿ ಆತನಿಗೆ ಲಾರಿ "ನೆನಪಾಗುತ್ತದೆ". ಪೊಲೀಸ್ ಹೇಳಿಕೆಗೂ ವಿಮೆಗೂ ಇದು ತೊಡಕು. ಹಾಗೆಯೇ, ಜ್ವರದಲ್ಲೋ ಆಪರೇಷನ್ ಆದ ಮೇಲೋ ಗೊಂದಲದಲ್ಲಿರುವ ಹಿರಿಯರ ಹೆಬ್ಬೆಟ್ಟನ್ನು ಯಾವ ಕಾಗದದ ಮೇಲೂ ಒತ್ತಿಸಿಕೊಳ್ಳಬೇಡಿ.

ಎಲ್ಲ ಮರೆವೂ ಒಂದೇ ಅಲ್ಲ

"ವಯಸ್ಸಾಯ್ತು, ಇನ್ನೇನು" ಎಂದು ಕೈಬಿಡುವುದು ದೊಡ್ಡ ತಪ್ಪು. ಹೆಸರು ತಕ್ಷಣ ಬಾಯಿಗೆ ಬಾರದೆ ಆಮೇಲೆ ಹೊಳೆಯುವುದು ವಯಸ್ಸಿನಲ್ಲಿ ಸಹಜ. ಹುಟ್ಟಿ ಬೆಳೆದ ಊರಿನಲ್ಲೇ ದಾರಿ ತಪ್ಪುವುದು, ಹೇಳಿದ್ದನ್ನೇ ಐದು ನಿಮಿಷಕ್ಕೊಮ್ಮೆ ಕೇಳುವುದು, ದುಡ್ಡಿನ ಲೆಕ್ಕ ತಿಳಿಯದಿರುವುದು ಸಹಜವಲ್ಲ. ಅಂಥವರಲ್ಲೂ ಕೆಲವರಿಗೆ ಇರುವುದು ಔಷಧಿಯಿಂದ ಸರಿಹೋಗಬಲ್ಲ ಕಾರಣ.

ಬಿ-12 ಜೀವಸತ್ವದ ಕೊರತೆ ಅದರಲ್ಲಿ ಮುಖ್ಯ. ಇದು ಸೊಪ್ಪು, ಕಾಳು, ರಾಗಿಯಲ್ಲಿ ಸಿಗುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರೇ ದಾರಿ. ಹಾಲನ್ನೆಲ್ಲಾ ಡೇರಿಗೆ ಹಾಕಿ ಕರಿ ಕಾಫಿ ಕುಡಿಯುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ನುಂಗುವವರಲ್ಲೂ ಬಿ-12 ಇಳಿಯಬಹುದು. ಹಾಗೆಂದು ಮಾತ್ರೆ ನಿಲ್ಲಿಸಬೇಡಿ, ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆಯಾಗುವುದು, ಖಿನ್ನತೆ, ರಕ್ತದಲ್ಲಿ ಉಪ್ಪಿನಂಶ ಇಳಿಯುವುದು, ಅಂಗಡಿಯಿಂದ ತಂದು ನುಂಗುವ ನಿದ್ದೆ ಮಾತ್ರೆ ಕೂಡ ಕಾರಣವಾಗಬಹುದು. ಬಚ್ಚಲಲ್ಲಿ ಜಾರಿ ಬಿದ್ದು ಕೆಲವು ವಾರದ ಮೇಲೆ ಮರೆವು ಶುರುವಾದರೆ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಕಟ್ಟಿಕೊಂಡಿರಬಹುದು. ಸ್ಕ್ಯಾನ್‌ನಲ್ಲಿ ಅದು ಕಾಣುತ್ತದೆ, ಸಕಾಲದಲ್ಲಿ ತೆಗೆದರೆ ಗುಣವಾಗುತ್ತದೆ.

ಕುಡಿತದ ಬಗ್ಗೆ ವೈದ್ಯರ ಹತ್ತಿರ ಮುಚ್ಚಿಡಬೇಡಿ. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರಲ್ಲಿ ಬಿ-1 ಜೀವಸತ್ವ ಖಾಲಿಯಾಗಿ, ಹಿಪ್ಪೋಕ್ಯಾಂಪಸ್ಸಿಗೆ ತಂತಿಯಂತೆ ಸೇರಿಕೊಂಡಿರುವ ಒಳಭಾಗಗಳು ಸುಟ್ಟುಹೋದಂತೆ ಕೆಡುತ್ತವೆ. ಬೇಗ ಬಿ-1 ಇಂಜೆಕ್ಷನ್ ಸಿಕ್ಕಿದರೆ ಉಳಿಯುತ್ತವೆ, ತಡವಾದರೆ ಹೊಸ ನೆನಪು ಶಾಶ್ವತವಾಗಿ ನಿಲ್ಲಬಹುದು. ಗ್ಲೂಕೋಸ್ ಹಾಕುವ ಮೊದಲೇ ಇದು ನಮಗೆ ಗೊತ್ತಿರಬೇಕು. "ಅಪರೂಪಕ್ಕೆ ತಗೋತಾರೆ ಅಷ್ಟೇ" ಎಂದು ಮಾನ ಉಳಿಸಲು ಹೇಳುವ ಮಾತಿಗೆ ಬೆಲೆ ತೆರುವವರು ರೋಗಿ.

ಇನ್ನು, ಎರಡು ಭಾಷೆ ಆಡುವವರಿಗೆ ಒಂದು ಸಮಾಧಾನದ ಸುದ್ದಿ. ಹೈದರಾಬಾದಿನಲ್ಲಿ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳನ್ನು ಗಮನಿಸಿ 2013ರಲ್ಲಿ ಬರೆದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸವಿತ್ತು. ಕಾಯಿಲೆ ಬರುವುದೇ ಇಲ್ಲ ಎಂದು ಇದರ ಅರ್ಥವಲ್ಲ.

ಹಾಸಿಗೆಯ ಪಕ್ಕದಲ್ಲಿ ನೀವು ಮಾಡಬೇಕಾದ್ದು

ದಯವಿಟ್ಟು ಪರೀಕ್ಷೆ ಮಾಡಬೇಡಿ. ನೋಡಲು ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ "ನಾನ್ಯಾರು ಹೇಳು ನೋಡೋಣ" ಎಂದು ಕೇಳುವುದು ನಮ್ಮಲ್ಲಿ ಪದ್ಧತಿಯೇ ಆಗಿಬಿಟ್ಟಿದೆ. ಹೆಸರು ಬಾರದೆ ಆ ಹಿರಿಯರ ಕಣ್ಣು ತುಂಬುವುದನ್ನು ನಾವು ನೋಡುತ್ತೇವೆ. ಅದರ ಬದಲು "ಚಿಕ್ಕಪ್ಪಾ, ನಾನು ಕಿಕ್ಕೇರಿಯಿಂದ ಬಂದೆ, ನಿಮ್ಮ ದೊಡ್ಡಣ್ಣನ ಮಗಳು" ಎಂದು ಎಳೆ ಕೊಡಿ. ತಾನಾಗಿ ನೆನೆಯುವುದು ಕಷ್ಟ, ಸುಳಿವು ಸಿಕ್ಕಿದ ಮೇಲೆ ಗುರುತಿಸುವುದು ಸುಲಭ. ಹಳೆಯ ಫೋಟೋ, ಅವರದೇ ಕಂಬಳಿ ತಂದಿಡಿ. ಕನ್ನಡಕ, ಕಿವಿಯ ಮಿಷನ್ ಮನೆಯಲ್ಲಿ ಬಿಟ್ಟು ಬರಬೇಡಿ. ಕಾಣದ್ದು, ಕೇಳದ್ದು ನೆನಪಿಗೆ ಹೋಗುವುದಾದರೂ ಹೇಗೆ?

ಮಾತ್ರೆಯ ವಿಷಯದಲ್ಲಿ ನೆನಪನ್ನು ನಂಬಬೇಡಿ, ಅಭ್ಯಾಸವನ್ನು ನಂಬಿ. ಮರೆವಿರುವವರು ನುಂಗಿದ್ದನ್ನು ಮರೆತು ಎರಡನೇ ಸಲ ನುಂಗುತ್ತಾರೆ. ಸಕ್ಕರೆ ಮಾತ್ರೆಯಾದರೆ ಸಕ್ಕರೆ ತೀರಾ ಇಳಿದು, ಮಿದುಳಿಗೆ ಆಹಾರವಿಲ್ಲದೆ ಪ್ರಜ್ಞೆ ತಪ್ಪಬಹುದು. ವಾರದ ಡಬ್ಬಿಗೆ ಮನೆಯವರೇ ತುಂಬಿ, ಉಳಿದದ್ದನ್ನು ಎತ್ತಿಡಿ. ದಿನವೂ ಒಂದೇ ಜಾಗ, ಒಂದೇ ಹೊತ್ತು, ಮುಖ ತೊಳೆದ ಕೂಡಲೇ ಎಂದು ರೂಢಿ ಮಾಡಿಸಿ. ಹೆನ್ರಿಯವರ ಕೈ ಕಲಿತಂತೆ ಇದೂ ಕೂರುತ್ತದೆ, ಆದರೆ ವಾರಗಳು ಬೇಕು.

ಬಿಡುಗಡೆಯ ದಿನ ನಾವು ಹೇಳುವುದನ್ನು ಕೇಳಿ ತಲೆಯಾಡಿಸಿ ಹೋಗಬೇಡಿ. ನೋವು, ನಿದ್ದೆಗೇಡು, ಬಿಲ್ಲಿನ ಚಿಂತೆ ಇರುವಾಗ ಹಣೆಯ ಹಿಂದಿನ ಮಿದುಳು ಒಮ್ಮೆಗೆ ಮೂರು-ನಾಲ್ಕು ಸಂಗತಿಗಿಂತ ಹೆಚ್ಚು ಹಿಡಿದಿಡಲಾರದು. ಚೀಟಿಯಲ್ಲಿ ಬರೆಸಿಕೊಳ್ಳಿ, ನಮಗೇ ಒಮ್ಮೆ ತಿರುಗಿ ಹೇಳಿ. ಊರಿಗೆ ಹೋಗುವ ಬಸ್ಸಿನಲ್ಲಿ ಇನ್ನೊಮ್ಮೆ, ರಾತ್ರಿ ಊಟವಾದ ಮೇಲೆ ಮತ್ತೊಮ್ಮೆ ನೆನೆದುಕೊಳ್ಳಿ. ಮುಂದಿನ ಸಲ ಬರುವಾಗ ಹಳೆಯ ಚೀಟಿಗಳು, ನುಂಗುತ್ತಿರುವ ಎಲ್ಲಾ ಮಾತ್ರೆಗಳು, ನಾಟಿ ಔಷಧಿಯಿದ್ದರೆ ಅದೂ ಜೊತೆಗಿರಲಿ. ಮರೆವು ಯಾವ ತಿಂಗಳಿಂದ, ನಿಧಾನವಾಗಿ ಬಂತೋ ಇದ್ದಕ್ಕಿದ್ದಂತೆ ಬಂತೋ ಎಂಬುದನ್ನು ಮನೆಯಲ್ಲಿ ದಿನವೂ ನೋಡುವವರೇ ಬಂದು ಹೇಳಬೇಕು. ಬೆಂಗಳೂರಿನಿಂದ ಬಂದ ಮಗನಿಗಿಂತ ಜೊತೆಯಲ್ಲಿರುವ ಸೊಸೆ ಹೇಳುವುದು ವೈದ್ಯರಿಗೆ ಹೆಚ್ಚು ಉಪಯೋಗ.

ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೂ ತಿಳಿಯದಂತಾದರೆ, ಬಾಯಿ ಒಂದು ಕಡೆ ವಾಲಿದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಅಥವಾ ಜ್ವರದ ಜೊತೆ ಗೊಂದಲ ಬಂದರೆ ಮರುದಿನ ಬೆಳಗಿನ ಬಸ್ಸಿಗೆ ಕಾಯಬೇಡಿ. ಲಕ್ವದಲ್ಲಿ ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಧಿ ಮೊದಲ ನಾಲ್ಕೂವರೆ ಗಂಟೆ, ಅದರಲ್ಲಿ ಸ್ಕ್ಯಾನ್ ಕೂಡ ಆಗಬೇಕು. 108ಕ್ಕೆ ಕರೆ ಮಾಡಿ, ಅವರು ಕೊನೆಯ ಬಾರಿ ಎಷ್ಟು ಗಂಟೆಗೆ ಸರಿಯಾಗಿದ್ದರು ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಮೇಲಾದರೂ ಬರೆದಿಟ್ಟುಕೊಂಡು ಹೊರಡಿ.